ಮೊಲೊಗಾ: ರಷ್ಯಾದ ಒಂದು ಗ್ರಾಮೀಣ ಜಿಲ್ಲೆ ಹುಟ್ಟಿದ, ಹಂಚಿಹೋದ ಮತ್ತು ಮುಳುಗಿದ ಬಗೆ

ರಷ್ಯಾದ ಹಳೆಯ ಚರ್ಚುಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ದಪ್ಪ ಪುಸ್ತಕಗಳಿರುತ್ತಿದ್ದವು. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ದಿನ ಪಾದ್ರಿಯು ಮಗುವಿನ ಹೆಸರಿನ ಪಕ್ಕದಲ್ಲಿ ತಂದೆಯ ಗುರುತನ್ನೂ ಬರೆಯುತ್ತಿದ್ದರು: ಯಾರೊಸ್ಲಾವ್ಲ್ ಗುಬೆರ್ನಿಯಾ, ಮೊಲೊಗಾ ಉಯೆಜ್ದ್, ಇಂಥ ವೋಲೊಸ್ತ್, ಇಂಥ ಹಳ್ಳಿಯ ರೈತ. ಈಗ ಮುತ್ತಜ್ಜನ ಊರನ್ನು ಹುಡುಕುತ್ತ ಪತ್ರಾಗಾರದಲ್ಲಿ ಅಂಥ ಪುಟವೊಂದನ್ನು ಬಿಡಿಸುವವರ ಮುಂದೆ ನಾಲ್ಕು ಸ್ಥಳವಾಚಕಗಳು ಇರುತ್ತವೆ. ಅವುಗಳಲ್ಲಿ ಮೊದಲಿನ ಮೂರು ಇಂದಿನ ಆಡಳಿತದ ನಕ್ಷೆಯಲ್ಲಿ ಇಲ್ಲ. ನಾಲ್ಕನೆಯದು, ಅಂದರೆ ಹಳ್ಳಿ, ಎಷ್ಟೋ ಸಲ ವೋಲ್ಗಾ ನದಿಗೆ ಅಣೆಕಟ್ಟು ಕಟ್ಟಿದ್ದರಿಂದ ಆದ ರಿಬಿನ್ಸ್ಕ್ ಜಲಾಶಯದ ಹಿನ್ನೀರಿನ ತಳದಲ್ಲಿದೆ.

ಮೊಲೊಗಾ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು 1941ರಲ್ಲಿ ಮುಳುಗಿದ ಪಟ್ಟಣ. ಆ ಪಟ್ಟಣದ ಬೆನ್ನಿಗೆ ಒಂದು ಇಡೀ ಗ್ರಾಮೀಣ ಜಿಲ್ಲೆಯಿತ್ತು, ಅದಕ್ಕೆ ತನ್ನದೇ ಆದ ಗಡಿ, ಕಚೇರಿ, ತೆರಿಗೆ, ಶಾಲೆ, ಆಸ್ಪತ್ರೆಗಳಿದ್ದವು ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆ ಜಿಲ್ಲೆಯ ಚರಿತ್ರೆಯನ್ನು ಹಿಂದಿನಿಂದ ಓದಿಕೊಂಡು ಬಂದರೆ ಮುಳುಗಡೆಯ ಕಾರಣ ಬೇರೆಯಾಗಿ ಕಾಣಿಸುತ್ತದೆ. ನೀರು ಏರುವುದಕ್ಕೆ ಎರಡು ದಶಕಗಳ ಮೊದಲಿನಿಂದಲೇ ಆ ನೆಲದ ಪರವಾಗಿ ಮಾತನಾಡುವ ಅಧಿಕಾರವಿದ್ದ ಸ್ಥಳೀಯ ಸಂಸ್ಥೆಗಳು ಒಂದೊಂದಾಗಿ ರದ್ದಾಗುತ್ತ ಬಂದಿದ್ದವು ಎಂಬುದೇ ಈ ಲೇಖನದ ಮುಖ್ಯ ವಾದ. ಅದನ್ನು ಹೇಳಬೇಕಾದರೆ ರಷ್ಯಾದ ಗ್ರಾಮೀಣ ಆಡಳಿತ ಹೇಗೆ ನಡೆಯುತ್ತಿತ್ತು ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

ಚಕ್ರವರ್ತಿಗಳ ಕಾಲದ ರಷ್ಯಾದಲ್ಲಿ ಅತಿ ದೊಡ್ಡ ಆಡಳಿತ ಘಟಕ ಗುಬೆರ್ನಿಯಾ, ಎಂದರೆ ಪ್ರಾಂತ್ಯ. ಅದಕ್ಕೊಬ್ಬ ಗವರ್ನರ್ ಇರುತ್ತಿದ್ದರು. ಗುಬೆರ್ನಿಯಾವನ್ನು ಹಲವು ಉಯೆಜ್ದ್‌ಗಳಾಗಿ ಭಾಗಮಾಡಲಾಗಿತ್ತು. ಉಯೆಜ್ದ್‌ನ ಒಳಗೆ ವೋಲೊಸ್ತ್‌ಗಳು, ವೋಲೊಸ್ತ್‌ನ ಒಳಗೆ ಹಳ್ಳಿಗಳ ಸಮುದಾಯಗಳು. ನಮ್ಮ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಮೆಟ್ಟಿಲುಗಳನ್ನು ನೆನಪಿಟ್ಟುಕೊಂಡರೆ ರಚನೆ ಅರ್ಥವಾಗುತ್ತದೆ. ಆದರೆ ವಿಸ್ತಾರದಲ್ಲಿ ಹೋಲಿಕೆ ಕೆಡುತ್ತದೆ: ಉಯೆಜ್ದ್ ನಮ್ಮ ತಾಲ್ಲೂಕಿಗಿಂತ ಬಹಳ ದೊಡ್ಡದು, ಜನವಸತಿ ಮಾತ್ರ ವಿರಳ. ಮೊಲೊಗಾ ಉಯೆಜ್ದ್ ಯಾರೊಸ್ಲಾವ್ಲ್ ಗುಬೆರ್ನಿಯಾದ ವಾಯವ್ಯ ಮೂಲೆಯಲ್ಲಿತ್ತು. ಅದರ ಗಡಿಯಾಚೆ ಒಂದು ಕಡೆ ತ್ವೇರ್, ಇನ್ನೊಂದು ಕಡೆ ನೊವ್‌ಗೊರೊದ್ ಗುಬೆರ್ನಿಯಾಗಳ ನೆಲ. 1897ರ ಜನಗಣತಿಯ ಹೊತ್ತಿಗೆ ಈ ಉಯೆಜ್ದ್‌ನಲ್ಲಿ ಸುಮಾರು 1,17,000 ಜನರಿದ್ದರು. ಅವರಲ್ಲಿ ಮೊಲೊಗಾ ಪಟ್ಟಣದಲ್ಲಿ ಇದ್ದವರು ನಾಲ್ಕು ಸಾವಿರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದದ್ದೆಲ್ಲ ಹಳ್ಳಿ.

ಗಡಿ ಎಳೆಯುವುದಕ್ಕೆ ಬಹಳ ಮೊದಲೇ ಆ ಸ್ಥಳಕ್ಕೆ ಹೆಸರಿತ್ತು. ಮೊಲೊಗಾ ಎಂಬ ನದಿ ವೋಲ್ಗಾವನ್ನು ಸೇರುವ ಸಂಗಮದಲ್ಲಿ ಅದೇ ಹೆಸರಿನ ಊರು ನಿಂತಿತ್ತು. ಅದರ ಮೊದಲ ಉಲ್ಲೇಖ 1149ರದು. ಕೀವ್‌ನ ರಾಜ ಇಜ್ಯಾಸ್ಲಾವ್ ಸುಜ್ದಾಲ್‌ನ ರಾಜ ಯೂರಿ ದೊಲ್ಗೊರೂಕಿಯ ಮೇಲೆ ದಂಡೆತ್ತಿ ಬಂದು, ವೋಲ್ಗಾದ ಉದ್ದಕ್ಕೂ ಹಳ್ಳಿಗಳನ್ನು ಸುಡುತ್ತ ಮೊಲೊಗಾದವರೆಗೆ ಬಂದನೆಂದೂ, ಅಷ್ಟರಲ್ಲಿ ಚಳಿ ಒಡೆದು ಮಂಜುಗಡ್ಡೆಯ ಮೇಲೆ ನೀರು ಕುದುರೆಯ ಹೊಟ್ಟೆ ಮುಟ್ಟುವಷ್ಟು ಏರಿದ್ದರಿಂದ ಹಿಂದಿರುಗಿದನೆಂದೂ ಹಳೆಯ ರಷ್ಯಾದ ವೃತ್ತಾಂತ ಗ್ರಂಥ ಹೇಳುತ್ತದೆ. ಈ ನೆಲದ ಕುರಿತ ಮೊಟ್ಟಮೊದಲ ಬರಹವೇ ಏರುವ ನೀರಿನ ಸುದ್ದಿ ಎಂಬುದು ಓದಿದವರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಮುಂದೆ 1238ರ ಮಾರ್ಚ್‌ನಲ್ಲಿ, ಮೊಲೊಗಾದ ಉಪನದಿಯಾದ ಸೀತ್ ನದಿಯ ದಡದಲ್ಲಿ ಮಂಗೋಲರ ಸೇನೆಗೂ ವ್ಲಾದಿಮಿರ್‌ನ ಮಹಾರಾಜ ಯೂರಿ ವ್ಸೆವೊಲೊದೊವಿಚ್‌ನ ಸೇನೆಗೂ ಯುದ್ಧ ನಡೆದು ರಾಜನು ಹತನಾದ. 1321ರಲ್ಲಿ ಯಾರೊಸ್ಲಾವ್ಲ್‌ನ ರಾಜ ದವೀದ್ ತೀರಿಕೊಂಡಾಗ ಮಕ್ಕಳು ರಾಜ್ಯವನ್ನು ಪಾಲುಮಾಡಿಕೊಂಡರು. ಮೊಲೊಗಾ ಮಿಖಾಯಿಲ್‌ನ ಪಾಲಿಗೆ ಬಂದು, ಸ್ವಲ್ಪ ಕಾಲ ಚಿಕ್ಕದೊಂದು ಸಂಸ್ಥಾನವಾಯಿತು. ಮೊಲೊಗಾ ನದಿಯ ದಡದ ಖೊಲೋಪಿ ಗೊರೊದೊಕ್ ಎಂಬಲ್ಲಿ ದೊಡ್ಡ ಜಾತ್ರೆ ಸೇರುತ್ತಿತ್ತು. 16ನೆಯ ಶತಮಾನದಲ್ಲಿ ಮಾಸ್ಕೋಗೆ ಬಂದಿದ್ದ ಆಸ್ಟ್ರಿಯಾದ ರಾಯಭಾರಿ ಹೆರ್ಬರ್‌ಸ್ಟೈನ್ ಕೂಡ ಆ ಜಾತ್ರೆಯ ವಿಷಯ ಬರೆದಿದ್ದಾನೆ.

ಇಷ್ಟೆಲ್ಲ ಹಳೆಯ ಊರಾದರೂ ಮೊಲೊಗಾ ಆಡಳಿತದ ಅರ್ಥದಲ್ಲಿ ಪಟ್ಟಣವಾದದ್ದು 1777ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1775ರಲ್ಲಿ, ಚಕ್ರವರ್ತಿನಿ ಎರಡನೆಯ ಕ್ಯಾಥರೀನ್ ಇಡೀ ದೇಶದ ಪ್ರಾಂತ್ಯಗಳನ್ನು ಹೊಸದಾಗಿ ವಿಂಗಡಿಸುವ ಶಾಸನ ಹೊರಡಿಸಿದಳು. ಆ ಕಾಲದ ಒಂದು ದೊಡ್ಡ ರೈತ ಬಂಡಾಯ, ಪುಗಚೋವ್‌ನ ದಂಗೆ, ಆಗತಾನೇ ಅಡಗಿತ್ತು. ದೂರದ ಹಳ್ಳಿಗಳ ಮೇಲೆ ಸರ್ಕಾರದ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಅರಮನೆಗೆ ಅರ್ಥವಾಗಿತ್ತು. ಶಾಸನದ ಸೂತ್ರ ಸರಳವಾಗಿತ್ತು. ತೆರಿಗೆ ಲೆಕ್ಕಕ್ಕೆ ಬರುವ ಗಂಡಸರನ್ನು ಮಾತ್ರ ಎಣಿಸಿ, ಮೂರರಿಂದ ನಾಲ್ಕು ಲಕ್ಷ ತಲೆಗಳಿಗೆ ಒಂದು ಗುಬೆರ್ನಿಯಾ, ಇಪ್ಪತ್ತರಿಂದ ಮೂವತ್ತು ಸಾವಿರ ತಲೆಗಳಿಗೆ ಒಂದು ಉಯೆಜ್ದ್. ನದಿ ಎಲ್ಲಿ ತಿರುಗುತ್ತದೆ, ಸಂತೆ ಎಲ್ಲಿ ಕೂಡುತ್ತದೆ, ಯಾರು ಯಾರ ಮನೆಗೆ ಹೆಣ್ಣು ಕೊಡುತ್ತಾರೆ ಎಂಬುದಕ್ಕೆ ಆ ಸೂತ್ರದಲ್ಲಿ ಸ್ಥಾನವಿರಲಿಲ್ಲ. ತಲೆಗಳ ಎಣಿಕೆ ಸರಿಹೊಂದುವಂತೆ ಗೆರೆ ಎಳೆಯಬೇಕಿತ್ತು. ಗೆರೆಯೊಳಗೆ ಕೇಂದ್ರವಾಗಲು ತಕ್ಕ ಪಟ್ಟಣ ಇಲ್ಲವಾದರೆ ಇದ್ದ ಹಳ್ಳಿಯನ್ನೋ ಪೇಟೆಯನ್ನೋ ಪಟ್ಟಣವೆಂದು ಘೋಷಿಸಬೇಕಿತ್ತು. ಮೊಲೊಗಾ ಹೀಗೆ ಪಟ್ಟಣವಾಯಿತು. ಮರುವರ್ಷ ಅದಕ್ಕೊಂದು ಲಾಂಛನವೂ ಬಂತು: ಯಾರೊಸ್ಲಾವ್ಲ್‌ನ ಕೊಡಲಿ ಹಿಡಿದ ಕರಡಿ, ಜೊತೆಗೆ ನೀಲಿ ಹಿನ್ನೆಲೆಯಲ್ಲಿ ಒಂದು ಮಣ್ಣಿನ ಕೋಟೆಯ ತುಂಡು.

ಹೊಸ ಉಯೆಜ್ದ್‌ಗೆ ನ್ಯಾಯಾಲಯ, ಖಜಾನೆ, ಪೊಲೀಸು ಬಂದವು. ಪೊಲೀಸ್ ಮುಖ್ಯಸ್ಥನಾದ ಇಸ್ಪ್ರಾವ್ನಿಕ್‌ನನ್ನು ಆರಂಭದಲ್ಲಿ ಸ್ಥಳೀಯ ಜಮೀನ್ದಾರ ಕುಲೀನರೇ ತಮ್ಮೊಳಗಿಂದ ಆರಿಸುತ್ತಿದ್ದರು. ಮುಸಿನ್-ಪುಷ್ಕಿನ್ ಮನೆತನದಂಥ ದೊಡ್ಡ ಜಮೀನ್ದಾರರು ಇಲ್ಲಿದ್ದರು. ಹಳೆಯ ಹಸ್ತಪ್ರತಿಗಳ ಸಂಗ್ರಹಕ್ಕೆ ಹೆಸರಾದ ಕೌಂಟ್ ಅಲೆಕ್ಸೇಯ್ ಮುಸಿನ್-ಪುಷ್ಕಿನ್‌ನ ಸಮಾಧಿ ಇದ್ದದ್ದು ಇದೇ ಉಯೆಜ್ದ್‌ನ ಇಲೊವ್ನಾ ಎಂಬ ಎಸ್ಟೇಟಿನಲ್ಲಿ. ಅಂಥ ಮನೆತನಗಳಿಗೆ ಉಯೆಜ್ದ್ ಎಂದರೆ ತಮ್ಮ ಮಾತು ನಡೆಯುವ ಅಂಗಳ. ಜಮೀನಿನ ಜೊತೆಗೇ ಕೊಳ್ಳಬಹುದಾದ, ಮಾರಬಹುದಾದ ಜೀತರೈತನಿಗೆ ಮಾತ್ರ ಅದು ತನ್ನ ಒಡೆಯನ ಆಚೆಗಿನ ಇನ್ನೊಂದು ಭಯ. ಈ ವ್ಯತ್ಯಾಸವನ್ನು ಮರೆತು ಹಳೆಯ ರಷ್ಯಾದ ಜಿಲ್ಲೆಗಳನ್ನು ಕೊಂಡಾಡುವುದು ಸರಿಯಲ್ಲ.

1861ರಲ್ಲಿ ಜೀತಪದ್ಧತಿ ರದ್ದಾದ ಮೇಲೆ ರೈತರಿಗಾಗಿಯೇ ಒಂದು ಆಡಳಿತದ ಮೆಟ್ಟಿಲು ಬೇಕಾಯಿತು. ಒಡೆಯನ ಕೈಯಲ್ಲಿದ್ದ ಕೆಲಸಗಳನ್ನು ಈಗ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ವೋಲೊಸ್ತ್ ಎಂಬ ಹಳೆಯ ಹೆಸರಿಗೆ ಹೊಸ ಹುರುಳು ತುಂಬಲಾಯಿತು. ಹಳ್ಳಿಯ ಮನೆಗಳ ಯಜಮಾನರು ಸಭೆ ಸೇರಿ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದರು; ಆ ಪ್ರತಿನಿಧಿಗಳು ವೋಲೊಸ್ತ್‌ನ ಹಿರಿಯನನ್ನೂ ನ್ಯಾಯಾಧೀಶರನ್ನೂ ಆರಿಸುತ್ತಿದ್ದರು. ನ್ಯಾಯಾಧೀಶರೂ ರೈತರೇ, ಸಣ್ಣ ಜಗಳಗಳನ್ನು ಊರಿನ ರೂಢಿಯಂತೆ ತೀರ್ಮಾನಿಸುತ್ತಿದ್ದರು, ಛಡಿಯೇಟಿನ ಶಿಕ್ಷೆ ಕೊಡುವ ಅಧಿಕಾರವೂ 1904ರವರೆಗೆ ಅವರಿಗಿತ್ತು. ಹಿರಿಯನಿಗೆ ಎಷ್ಟೋ ಸಲ ಓದು ಬರೆಹ ಬರುತ್ತಿರಲಿಲ್ಲವಾದ್ದರಿಂದ ಕಚೇರಿಯ ನಿಜವಾದ ಹಿಡಿತ ಗುಮಾಸ್ತನ ಕೈಯಲ್ಲಿರುತ್ತಿತ್ತು.

ಈ ಕಚೇರಿಯ ಮಹತ್ವ ತಿಳಿಯಬೇಕಾದರೆ ಒಂದು ಕಾಗದವನ್ನು ಹತ್ತಿರದಿಂದ ನೋಡಬೇಕು. ರೈತನು ತನ್ನ ಊರು ಬಿಟ್ಟು ದೂರ ದುಡಿಯಲು ಹೋಗಬೇಕಾದರೆ ವೋಲೊಸ್ತ್ ಕಚೇರಿಯಿಂದ ಪಾಸ್‌ಪೋರ್ಟ್ ಪಡೆಯಬೇಕಿತ್ತು. ಇದು ದೇಶದ ಹೊರಗೆ ಹೋಗಲು ಅಲ್ಲ, ದೇಶದ ಒಳಗೇ ಓಡಾಡಲು. ಯಾರೊಸ್ಲಾವ್ಲ್ ಗುಬೆರ್ನಿಯಾದ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಪೀಟರ್ಸ್‌ಬರ್ಗಿಗೆ ವಲಸೆ ಹೋಗಿ ಅಂಗಡಿ, ಖಾನಾವಳಿ, ಕಟ್ಟಡ ಕೆಲಸಗಳಲ್ಲಿ ದುಡಿಯುತ್ತಿದ್ದರು. ಮೊಲೊಗಾದ ಸೀತ್ ನದಿಯ ಕಡೆಯವರು, ಸಿತ್ಸ್ಕಾರಿ ಎಂದು ಕರೆಸಿಕೊಳ್ಳುವವರು, ಬಡಗಿಗಳೆಂದೂ ದೋಣಿ ಕಟ್ಟುವವರೆಂದೂ ಹೆಸರಾಗಿದ್ದರು. ಹಳ್ಳಿಯ ತೆರಿಗೆ ಬಾಕಿಗೆ ಇಡೀ ಸಮುದಾಯವೇ ಹೊಣೆ ಎಂಬ ಕಾನೂನು 1903ರವರೆಗೆ ಜಾರಿಯಲ್ಲಿದ್ದುದರಿಂದ, ಬಾಕಿ ಉಳಿಸಿಕೊಂಡವನಿಗೆ ಪಾಸ್‌ಪೋರ್ಟ್ ಕೊಡದೆ ತಡೆಯಲು ಅವನ ನೆರೆಯವರಿಗೇ ಕಾರಣವಿತ್ತು. ನಗರದ ಖಾನಾವಳಿಯಲ್ಲಿ ವರ್ಷಗಟ್ಟಲೆ ದುಡಿದವನೂ ಕಾಗದದ ಅವಧಿ ಮುಗಿಯುತ್ತಲೇ ತನ್ನ ವೋಲೊಸ್ತ್‌ನ ಗುಮಾಸ್ತನಿಗೆ ಅರ್ಜಿ ಬರೆಯಬೇಕಾಗುತ್ತಿತ್ತು. ಹಳ್ಳಿಗಳಲ್ಲಿ ಉಳಿದವರಲ್ಲಿ ಹೆಂಗಸರೇ ಹೆಚ್ಚು. ಉಳುಮೆಯಿಂದ ಒಕ್ಕಣೆಯವರೆಗೆ ಎಲ್ಲವೂ ಅವರ ಮೈಮೇಲೆ ಬೀಳುತ್ತಿತ್ತು.

1864ರ ಇನ್ನೊಂದು ಸುಧಾರಣೆಯಿಂದ ಉಯೆಜ್ದ್ ಮಟ್ಟದಲ್ಲಿ ಜೆಮ್ಸ್ತ್ವೊ ಎಂಬ ಚುನಾಯಿತ ಸಂಸ್ಥೆ ಹುಟ್ಟಿತು. ನನ್ನ ಅಭಿಪ್ರಾಯದಲ್ಲಿ ಮೊಲೊಗಾದ ಇಡೀ ಚರಿತ್ರೆಯಲ್ಲಿ ಇದು ಅತ್ಯಂತ ಮುಖ್ಯವಾದ ಸಂಗತಿ. ಜಮೀನ್ದಾರರು, ಪಟ್ಟಣದ ಆಸ್ತಿವಂತರು, ರೈತ ಸಮುದಾಯಗಳು, ಈ ಮೂರು ಗುಂಪುಗಳಿಂದ ಆಯ್ಕೆಯಾದವರು ಒಂದೇ ಕೋಣೆಯಲ್ಲಿ ಕೂತು, ಉಯೆಜ್ದ್‌ನ ಭೂಮಿ ಮತ್ತು ಕಟ್ಟಡಗಳ ಮೇಲೆ ತೆರಿಗೆ ಹಾಕಿ, ಆ ಹಣವನ್ನು ಅಲ್ಲಿಯೇ ಖರ್ಚು ಮಾಡುತ್ತಿದ್ದರು. ಶಾಲೆ, ವೈದ್ಯ, ಸೂಲಗಿತ್ತಿ, ಪಶುವೈದ್ಯ, ರಸ್ತೆ, ಸೇತುವೆ ಎಲ್ಲವೂ ಅವರ ಹೊಣೆ. ಮೊಲೊಗಾ ಪಟ್ಟಣದಲ್ಲಿ 1880ರ ದಶಕದಲ್ಲಿಯೇ ಒಂದು ಜಿಮ್ನಾಸ್ಟಿಕ್ ಶಾಲೆ ನಡೆಯುತ್ತಿತ್ತು. ರಷ್ಯಾದಲ್ಲಿ ಆ ಬಗೆಯ ಶಾಲೆಗಳಲ್ಲಿ ಅದು ಮೊದಮೊದಲಿನದು. ನಾಲ್ಕು ಸಾವಿರ ಜನರ ಊರಿಗೆ ಇದು ಸಣ್ಣ ಮಾತಲ್ಲ. ಜೆಮ್ಸ್ತ್ವೊದಲ್ಲಿ ಸಮಾನತೆ ಇತ್ತೆಂದು ಮಾತ್ರ ಯಾರೂ ಭಾವಿಸಬಾರದು. ಕುಲೀನರ ಕೈ ಯಾವಾಗಲೂ ಮೇಲಿತ್ತು, 1890ರ ತಿದ್ದುಪಡಿ ರೈತರ ಪಾಲನ್ನು ಮತ್ತಷ್ಟು ಕುಗ್ಗಿಸಿತು, ಗವರ್ನರ್ ಬೇಡವೆಂದರೆ ನಿರ್ಣಯ ನಿಂತುಹೋಗುತ್ತಿತ್ತು. ಆದರೂ ಉಯೆಜ್ದ್ ಎಂಬ ಗೆರೆಯೊಳಗೆ ಮೊದಲ ಬಾರಿಗೆ ಒಂದು ಸ್ವಂತ ಹಣದ ಪೆಟ್ಟಿಗೆಯೂ, ಆ ಪೆಟ್ಟಿಗೆಯ ಕುರಿತು ಜಗಳವಾಡುವ ಹಕ್ಕೂ ಬಂದಿದ್ದವು. ತಲೆ ಎಣಿಸಿ ಎಳೆದ ಗಡಿ ನಿಧಾನವಾಗಿ ಜನರದ್ದಾಗುತ್ತಿತ್ತು.

ಈ ನೆಲದ ಬದುಕು ನಿಂತಿದ್ದು ಹುಲ್ಲಿನ ಮೇಲೆ. ಮೊಲೊಗಾ ಮತ್ತು ಷೆಕ್ಸ್ನಾ ನದಿಗಳ ನಡುವಿನ ತಗ್ಗು ಬಯಲಿನಲ್ಲಿ ವಸಂತದಲ್ಲಿ ಹಿಮ ಕರಗುತ್ತಲೇ ನದಿಗಳು ದಡ ಮೀರಿ ಹರಡಿಕೊಳ್ಳುತ್ತಿದ್ದವು. ವಾರಗಟ್ಟಲೆ ಮನೆಯಿಂದ ಮನೆಗೆ ದೋಣಿಯಲ್ಲಿ ಹೋಗಬೇಕಾದ ಹಳ್ಳಿಗಳಿದ್ದವು. ನೀರು ಇಳಿದಾಗ ಹಿಂದೆ ಉಳಿಯುವ ಮೆಕ್ಕಲುಮಣ್ಣಿನಲ್ಲಿ ಹುಲ್ಲು ದಟ್ಟವಾಗಿ ಏಳುತ್ತಿತ್ತು. ಜೂನ್ ಕೊನೆಯಿಂದ ಕೊಯ್ಲು, ಬಯಲಿನಲ್ಲೇ ಬಣವೆ, ಚಳಿಗಾಲದಲ್ಲಿ ನೆಲ ಗಟ್ಟಿಯಾದ ಮೇಲೆ ಜಾರುಬಂಡಿಯಲ್ಲಿ ಸಾಗಣೆ. ಆ ಹುಲ್ಲಿನಿಂದ ದನ, ದನದಿಂದ ಬೆಣ್ಣೆ ಮತ್ತು ಚೀಸು. ಸೋವಿಯತ್ ಕಾಲದಲ್ಲಿಯೂ ಹುಲ್ಲಿನ ಬೀಜ ಬೆಳೆಯುವ ನೆಲವೆಂದು ಇದಕ್ಕೆ ಬೆಲೆ ಇತ್ತು. ಪ್ರತಿವರ್ಷ ಬಂದು ಹೋಗುವ ನೀರಿನೊಡನೆ ಜನ ಹೊಂದಿಕೊಂಡಿದ್ದರು, ಅಷ್ಟೇ ಅಲ್ಲ, ಅದನ್ನು ನಂಬಿಕೊಂಡಿದ್ದರು.

ನದಿ ಸರಕನ್ನೂ ತರುತ್ತಿತ್ತು. 1811ರಲ್ಲಿ ತೆರೆದ ತೀಖ್ವಿನ್ ಜಲಮಾರ್ಗ ವೋಲ್ಗಾವನ್ನು ಮೊಲೊಗಾ ನದಿಯ ಮೂಲಕ ಪೀಟರ್ಸ್‌ಬರ್ಗಿನ ಕಡೆಗೆ ಜೋಡಿಸಿತು, ಮೊಲೊಗಾದ ಬಂದರಿನಲ್ಲಿ ಧಾನ್ಯದ ದೋಣಿಗಳು ತುಂಬಿದವು. 1870ರ ಆಸುಪಾಸಿನಲ್ಲಿ ರಿಬಿನ್ಸ್ಕ್‌ನಿಂದ ಬೊಲೊಗೊಯೆಗೆ ರೈಲುದಾರಿ ಬಂದಾಗ ಅದು ಉಯೆಜ್ದ್‌ನ ದಕ್ಷಿಣ ಭಾಗವನ್ನು ಹಾದುಹೋಯಿತೇ ಹೊರತು ಪಟ್ಟಣವನ್ನು ಮುಟ್ಟಲಿಲ್ಲ. ವ್ಯಾಪಾರ ಮೆಲ್ಲಗೆ 32 ಕಿಲೋಮೀಟರ್ ದೂರದ ರಿಬಿನ್ಸ್ಕ್‌ಗೆ ಸರಿಯಿತು. ಅದೇ ಹೊತ್ತಿಗೆ ಮೊಲೊಗಾ 1864ರ ಭಾರಿ ಬೆಂಕಿ ಅನಾಹುತದಿಂದ ಚೇತರಿಸಿಕೊಳ್ಳುತ್ತಿತ್ತು. ಬೆಂಕಿ ಕಾಣಿಸಿದರೆ ಎಚ್ಚರಿಸಲು 1870ರಲ್ಲಿ ಕಟ್ಟಿದ ಕಾವಲು ಗೋಪುರದ ನಕ್ಷೆ ಮಾಡಿದವರು ಪ್ರಾಂತ್ಯದ ವಾಸ್ತುಶಿಲ್ಪಿ ಅಂದ್ರೇಯ್ ದಸ್ತಯೇವ್ಸ್ಕಿ. ಹೆಸರಾಂತ ಕಾದಂಬರಿಕಾರನ ತಮ್ಮ.

1917ರ ಕ್ರಾಂತಿಯ ನಂತರ ಮೊದಲು ಹೋದದ್ದು ಜೆಮ್ಸ್ತ್ವೊ. 1918ರಲ್ಲಿ ಅದರ ಕೆಲಸವನ್ನೆಲ್ಲ ಸೊವೆತ್‌ಗಳು, ಅಂದರೆ ಹೊಸ ಆಡಳಿತ ಮಂಡಳಿಗಳು, ವಹಿಸಿಕೊಂಡವು. ಆಮೇಲೆ ಗಡಿಗಳೇ ಅಲುಗಾಡತೊಡಗಿದವು. 1921ರಲ್ಲಿ ರಿಬಿನ್ಸ್ಕ್ ಎಂಬ ಹೊಸ ಗುಬೆರ್ನಿಯಾ ಮಾಡಿ ಮೊಲೊಗಾವನ್ನು ಅದಕ್ಕೆ ಸೇರಿಸಿದರು. 1923ರಲ್ಲಿ ಆ ಗುಬೆರ್ನಿಯಾವನ್ನೇ ರದ್ದುಮಾಡಿ ಮತ್ತೆ ಯಾರೊಸ್ಲಾವ್ಲ್‌ಗೆ ಕೊಟ್ಟರು. ಅದೇ ದಶಕದಲ್ಲಿ ಮೊಲೊಗಾ ಉಯೆಜ್ದ್ ಎಂಬ ಹೆಸರೂ ಕೊನೆಗೊಂಡಿತು. 1929ರಲ್ಲಿ ಗುಬೆರ್ನಿಯಾ, ಉಯೆಜ್ದ್, ವೋಲೊಸ್ತ್ ಎಂಬ ಮೂರೂ ಮೆಟ್ಟಿಲುಗಳನ್ನು ಕಿತ್ತುಹಾಕಿ, ಯಾರೊಸ್ಲಾವ್ಲ್, ವ್ಲಾದಿಮಿರ್, ಕೊಸ್ತ್ರೊಮಾ, ಇವಾನೊವೊ ಸೀಮೆಗಳನ್ನೆಲ್ಲ ಕೂಡಿಸಿ ಇವಾನೊವೊ ಔದ್ಯಮಿಕ ಪ್ರದೇಶ ಎಂಬ ಬೃಹತ್ ಘಟಕವನ್ನು ಮಾಡಲಾಯಿತು. ಅದರ ಅಡಿಯಲ್ಲಿ ಹಳೆಯ ಉಯೆಜ್ದ್‌ನ ನೆಲ ಮೊಲೊಗಾ, ಬ್ರೇಯ್ತೊವೊ, ನೆಕೊವುಜ್ ಮುಂತಾದ ರಾಯೋನ್‌ಗಳಾಗಿ, ಅಂದರೆ ಚಿಕ್ಕ ಆಡಳಿತ ಘಟಕಗಳಾಗಿ, ಹರಿದು ಹಂಚಿಹೋಯಿತು. 1936ರ ಮಾರ್ಚ್‌ನಲ್ಲಿ ಯಾರೊಸ್ಲಾವ್ಲ್ ಪ್ರದೇಶ ಬೇರೆಯಾದಾಗ ಇವು ಅದರ ಪಾಲಾದವು.

ಹೆಸರು ಬದಲಾದರೆ ಏನಾಯಿತು ಎಂದು ಕೇಳಬಹುದು. ರಾಯೋನ್ ಚಿಕ್ಕದು, ಆಡಳಿತ ಹಳ್ಳಿಗೆ ಹತ್ತಿರ ಬಂತು ಎಂಬುದು ಅಂದಿನ ಸಮರ್ಥನೆ. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಹತ್ತಿರ ಬಂದದ್ದು ಮೇಲಿನ ಆದೇಶ. ರಾಯೋನ್ ಕಚೇರಿಯ ಮುಖ್ಯ ಕೆಲಸ ಮೇಲಿನಿಂದ ಬಂದ ಯೋಜನೆಯ ಗುರಿಯನ್ನು ಸಾಮೂಹಿಕ ಕೃಷಿಕ್ಷೇತ್ರಗಳಿಗೆ ಹಂಚುವುದು, ಧಾನ್ಯ, ಹಾಲು, ಹುಲ್ಲು ನಿಗದಿತ ಪ್ರಮಾಣದಲ್ಲಿ ಬಂತೇ ಎಂದು ನೋಡುವುದು, ಬಾರದಿದ್ದರೆ ಕಾರಣ ಹೇಳುವುದು. ಜೆಮ್ಸ್ತ್ವೊದಲ್ಲಿ ಜಮೀನ್ದಾರನಾದರೂ ಗವರ್ನರನ ಜೊತೆ ವಾದ ಮಾಡಬಹುದಿತ್ತು. 1930ರ ದಶಕದ ರಾಯೋನ್‌ನಲ್ಲಿ ಅಂಥ ವಾದಕ್ಕೆ ಸಭೆಯೂ ಇರಲಿಲ್ಲ, ಧೈರ್ಯವೂ ಉಳಿದಿರಲಿಲ್ಲ. ಅಣೆಕಟ್ಟಿನ ಸುದ್ದಿ ಬಂದದ್ದು ಇಂಥ ಹೊತ್ತಿನಲ್ಲಿ.

ವೋಲ್ಗಾವನ್ನು ಸರಣಿ ಅಣೆಕಟ್ಟುಗಳಿಂದ ಕಟ್ಟಿಹಾಕಿ ಆಳವಾದ ಜಲಮಾರ್ಗವನ್ನೂ ವಿದ್ಯುತ್ತನ್ನೂ ಪಡೆಯುವ ಯೋಜನೆಯಲ್ಲಿ 1932ರ ತೀರ್ಮಾನದಂತೆ ಒಂದು ಅಣೆಕಟ್ಟು ಯಾರೊಸ್ಲಾವ್ಲ್ ಬಳಿ ಆಗಬೇಕಿತ್ತು. 1935ರ ಸೆಪ್ಟೆಂಬರ್ 14ರಂದು ಸರ್ಕಾರವೂ ಕಮ್ಯುನಿಸ್ಟ್ ಪಕ್ಷವೂ ಕೂಡಿ ಅದನ್ನು ಬದಲಿಸಿ, ರಿಬಿನ್ಸ್ಕ್ ಮತ್ತು ಉಗ್ಲಿಚ್‌ಗಳಲ್ಲಿ ಕಟ್ಟಲು ತೀರ್ಮಾನಿಸಿದವು. ರಿಬಿನ್ಸ್ಕ್ ಜಲಾಶಯದ ನೀರಿನ ಮಟ್ಟ ಸಮುದ್ರಮಟ್ಟದಿಂದ 98 ಮೀಟರ್ ಎಂದು ಮೊದಲು ಲೆಕ್ಕಹಾಕಿದ್ದರು. 1937ರ ಆರಂಭದಲ್ಲಿ ಅದನ್ನು 102 ಮೀಟರಿಗೆ ಏರಿಸಲಾಯಿತು. ಮೊಲೊಗಾ ಪಟ್ಟಣದ ನೆಲ ಇದ್ದದ್ದು ಸರಿಸುಮಾರು 98ರಿಂದ 101 ಮೀಟರ್ ಎತ್ತರದಲ್ಲಿ.

ಈ ನಾಲ್ಕು ಮೀಟರುಗಳ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಮಲೆನಾಡಿನಂಥ ಕಣಿವೆಯಲ್ಲಿ ನೀರು ಬಿಂದಿಗೆಯಲ್ಲಿ ತುಂಬಿದಂತೆ ಮೇಲಕ್ಕೆ ಏರುತ್ತದೆ, ಅಗಲ ಅಷ್ಟಾಗಿ ಹೆಚ್ಚುವುದಿಲ್ಲ. ಮೊಲೊಗಾ ಮತ್ತು ಷೆಕ್ಸ್ನಾ ನಡುವಿನ ನೆಲ ಊಟದ ತಟ್ಟೆಯಂತೆ ಸಪಾಟು. ಅಲ್ಲಿ ನೀರು ಒಂದು ಗೇಣು ಏರಿದರೆ ಅಂಚಿನಲ್ಲಿ ಎಷ್ಟೋ ದೂರ ಹರಡುತ್ತದೆ. ನಾಲ್ಕು ಮೀಟರ್ ಏರಿಸಿದ್ದರಿಂದ ಮುಳುಗಡೆ ಪ್ರದೇಶ ಸುಮಾರು ಎರಡು ಪಟ್ಟಾಯಿತು. ಕೊನೆಗೆ ಆದ ಜಲಾಶಯದ ವಿಸ್ತೀರ್ಣ ಸುಮಾರು 4,580 ಚದರ ಕಿಲೋಮೀಟರ್, ಸರಾಸರಿ ಆಳ ಮಾತ್ರ 5.6 ಮೀಟರ್. ಅಂದರೆ ಎರಡು ಅಂತಸ್ತಿನ ಮನೆಯಷ್ಟೂ ಆಳವಿಲ್ಲದ ನೀರಿಗಾಗಿ ಇಷ್ಟು ನೆಲ ಹೋಯಿತು. ವಿದ್ಯುತ್ ಹೆಚ್ಚು ಸಿಗುತ್ತದೆ, ಹಡಗುಗಳಿಗೆ ಆಳ ಹೆಚ್ಚುತ್ತದೆ ಎಂಬ ಎರಡು ಕಾರಣಗಳಿಗೆ ಎದುರಾಗಿ ಹುಲ್ಲುಗಾವಲಿನ ಲೆಕ್ಕವನ್ನು ಮಂಡಿಸುವ ಸ್ಥಳೀಯ ದನಿ ಆ ಹೊತ್ತಿಗೆ ಎಲ್ಲಿಯೂ ಉಳಿದಿರಲಿಲ್ಲ ಎಂಬುದನ್ನು ಮತ್ತೆ ನೆನಪಿಸಬೇಕಾಗಿದೆ.

ಮೊಲೊಗಾದ ಜನರಿಗೆ ಒಕ್ಕಲೆಬ್ಬಿಸುವ ವಿಷಯ ತಿಳಿದದ್ದು 1936ರ ಶರತ್ಕಾಲದಲ್ಲಿ. ಆಗ ಪಟ್ಟಣದಲ್ಲಿ 900ಕ್ಕೂ ಹೆಚ್ಚು ಮನೆಗಳಿದ್ದವು, ಜನ ಏಳು ಸಾವಿರ ಮೀರಿರಲಿಲ್ಲ. ಚಳಿಗಾಲಕ್ಕೆ ಮೊದಲೇ ಹೊರಡಬೇಕೆಂಬ ಒತ್ತಡ ಮೊದಲು ಬಂತು. ಅದು ಆಗದ ಮಾತಾದ್ದರಿಂದ 1937ರ ವಸಂತದಿಂದ ಸ್ಥಳಾಂತರ ಶುರುವಾಗಿ 1941ರವರೆಗೆ ನಡೆಯಿತು. ಅಲ್ಲಿನ ಮನೆಗಳು ಬಹುಪಾಲು ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ, ಮೂಲೆಗಳಲ್ಲಿ ಒಂದನ್ನೊಂದು ಕಚ್ಚಿಸಿ ಕಟ್ಟಿದವು. ಬಿಚ್ಚಿ ಮತ್ತೆ ಜೋಡಿಸಬಹುದಾದಂಥವು. ಪ್ರತಿ ದಿಮ್ಮಿಯ ಮೇಲೆ ಸಂಖ್ಯೆ ಬರೆದು, ಚಾವಣಿಯಿಂದ ಬುಡದವರೆಗೆ ಸಾಲುಸಾಲಾಗಿ ಕಳಚಿ, ಆ ದಿಮ್ಮಿಗಳನ್ನೇ ತೆಪ್ಪ ಕಟ್ಟಿ, ಸಾಮಾನು ಸರಂಜಾಮುಗಳ ಸಮೇತ ವೋಲ್ಗಾದಲ್ಲಿ ರಿಬಿನ್ಸ್ಕ್ ಕಡೆಗೆ ತೇಲಿಬಿಟ್ಟರು. ರಿಬಿನ್ಸ್ಕ್‌ನ ಹೊರವಲಯದ ಸ್ಲಿಪ್ ಎಂಬಲ್ಲಿ ಅವುಗಳನ್ನು ಮೇಲಕ್ಕೆಳೆದು ಮತ್ತೆ ಮನೆ ನಿಲ್ಲಿಸಿದರು. ನೀರು ಕುಡಿದ ದಿಮ್ಮಿ ಒಣಗಲು ಕಾಲ ಬೇಕು. ಹಾಗಾಗಿ ಎಷ್ಟೋ ಕುಟುಂಬಗಳು ಮೊದಲ ಚಳಿಗಾಲವನ್ನು ಒದ್ದೆ ಗೋಡೆಗಳ ನಡುವೆ ಕಳೆದವು. ಸಾಗಿಸಲು ಯೋಗ್ಯವಲ್ಲವೆಂದು ಅಧಿಕಾರಿಗಳು ತೀರ್ಮಾನಿಸಿದ ಹಳೆಯ ಮನೆಗಳವರಿಗೆ ಪರಿಹಾರದ ಹಣವೇ ಗತಿ. ಕಲ್ಲಿನ ಕಟ್ಟಡಗಳನ್ನು, ಚರ್ಚುಗಳ ಸಮೇತ, ಸಿಡಿಮದ್ದಿಟ್ಟು ಉರುಳಿಸಿದರು. ಇಡೀ ಜಲಾಶಯಕ್ಕಾಗಿ ಒಕ್ಕಲೆದ್ದವರು ಸುಮಾರು 1,30,000 ಜನ; ಹೋದ ಹಳ್ಳಿಗಳು 600ಕ್ಕೂ ಹೆಚ್ಚು.

ಅಣೆಕಟ್ಟು ಕಟ್ಟಿದ್ದು ಕೈದಿಗಳು. ವೋಲ್ಗೊಲಾಗ್ ಎಂಬ ಶ್ರಮಶಿಬಿರವನ್ನು ಈ ಕಾಮಗಾರಿಗಾಗಿಯೇ ತೆರೆಯಲಾಗಿತ್ತು. ಕಾಡು ಕಡಿದವರೂ, ಮಣ್ಣು ಹೊತ್ತವರೂ, ಕಾಂಕ್ರೀಟು ಸುರಿದವರೂ ಅವರೇ. ಯುದ್ಧದ ವರ್ಷಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಅಲ್ಲಿ ಸತ್ತವರು ಬಹಳ. ತಮ್ಮ ಊರನ್ನು ಕಳೆದುಕೊಂಡವರ ನೋವಿನ ಜೊತೆಗೆ, ಬೇರೆ ಊರುಗಳಿಂದ ತಂದು ಇಲ್ಲಿ ದುಡಿಸಿದವರ ನೋವನ್ನೂ ಸೇರಿಸಿಯೇ ಈ ಚರಿತ್ರೆಯನ್ನು ಹೇಳಬೇಕು.

ಈ ಸಂಬಂಧವಾಗಿ ಅಂತರ್ಜಾಲದಲ್ಲಿ ಓಡಾಡುವ ಎರಡು ಸಂಗತಿಗಳನ್ನು ಸ್ಪಷ್ಟಪಡಿಸುವುದು ಅಗತ್ಯ. ಮೊಲೊಗಾ ಬಿಟ್ಟು ಹೋಗಲೊಪ್ಪದ 294 ಮಂದಿ ತಮ್ಮನ್ನು ತಾವೇ ಕಟ್ಟಿಹಾಕಿಕೊಂಡು ಮುಳುಗಿ ಸತ್ತರೆಂದು ಶಿಬಿರದ ಅಧಿಕಾರಿಯೊಬ್ಬನ ವರದಿಯ ರೂಪದ ಪಠ್ಯವೊಂದು ಪ್ರಚಾರದಲ್ಲಿದೆ. ಆ ಪಠ್ಯ ಅಸಲಿಯೇ ಎಂಬುದನ್ನು ಸಂಶೋಧಕರು ಬಲವಾಗಿ ಪ್ರಶ್ನಿಸಿದ್ದಾರೆ. ಪಟ್ಟಣವನ್ನು ತೆರವುಮಾಡಿದ್ದು ವರ್ಷಗಳ ಅವಧಿಯಲ್ಲಿ, ನೀರು ಏರಿದ್ದೂ ನಿಧಾನವಾಗಿ ಎಂಬುದನ್ನು ಗಮನಿಸಿದರೆ ಸಂದೇಹ ಸಹಜವೇ. ಇನ್ನೊಂದು, ನೀರಿನ ನಡುವೆ ಒಂಟಿಯಾಗಿ ನಿಂತ ಬಿಳಿಯ ಗಂಟೆಗೋಪುರದ ಚಿತ್ರ. ಅದನ್ನು ಮೊಲೊಗಾದ್ದೆಂದು ಹಂಚಿಕೊಳ್ಳುವುದುಂಟು. ಅದು ತ್ವೇರ್ ಪ್ರದೇಶದ ಕಲ್ಯಾಜಿನ್‌ನದು, ಉಗ್ಲಿಚ್ ಜಲಾಶಯದ್ದು. ಮೊಲೊಗಾದಲ್ಲಿ ನೀರಿನ ಮೇಲೆ ಏನೂ ಉಳಿಯಲಿಲ್ಲ.

ನೀರು ಪಟ್ಟಣವನ್ನು ತಲುಪುವ ಮೊದಲೇ ಮೊಲೊಗಾ ರಾಯೋನ್ ಅನ್ನು ಕಾಗದದಲ್ಲಿ ರದ್ದುಮಾಡಿ, ಉಳಿಯುವ ನೆಲವನ್ನು ನೆರೆಯ ರಾಯೋನ್‌ಗಳಿಗೆ ಹಂಚಿಕೊಟ್ಟಿದ್ದರು. 1941ರ ಏಪ್ರಿಲ್ 13ರಂದು ರಿಬಿನ್ಸ್ಕ್ ಬಳಿಯ ಪೆರೆಬೋರಿಯಲ್ಲಿ ಅಣೆಕಟ್ಟಿನ ಕೊನೆಯ ಕಿಂಡಿಯನ್ನು ಮುಚ್ಚಲಾಯಿತು, ವಸಂತದ ಪ್ರವಾಹ ಎಂದಿನಂತೆ ಬಯಲಿಗೆ ಹರಡಿತು, ಆ ವರ್ಷ ಇಳಿಯಲಿಲ್ಲ. ಜಲಾಶಯ ಪೂರ್ತಿ ತುಂಬಿದ್ದು 1947ರಲ್ಲಿ. ವಿದ್ಯುದಾಗಾರದ ಮೊದಲ ಯಂತ್ರ 1941ರ ನವೆಂಬರ್‌ನಲ್ಲಿ ತಿರುಗಿತು. ಜರ್ಮನ್ ಸೇನೆ ಮಾಸ್ಕೋದ ಬಾಗಿಲಲ್ಲಿ ನಿಂತಿದ್ದ ಆ ಚಳಿಗಾಲದಲ್ಲಿ ರಾಜಧಾನಿಗೆ ಇಲ್ಲಿಂದ ವಿದ್ಯುತ್ ಹೋಯಿತು. ಈ ಮಾತನ್ನು ಮರೆಮಾಚಿ ಮೊಲೊಗಾದ ಕತೆ ಹೇಳುವುದು ಅನ್ಯಾಯವಾಗುತ್ತದೆ. ಆದರೆ ನೀರಿನ ಮಟ್ಟವನ್ನು ಏರಿಸುವ ತೀರ್ಮಾನ ಆದದ್ದು ಯುದ್ಧಕ್ಕೆ ನಾಲ್ಕು ವರ್ಷ ಮೊದಲು, ಬೇರೆ ಲೆಕ್ಕಾಚಾರದಿಂದ. ಯುದ್ಧಕಾಲದ ಉಪಯೋಗವನ್ನು ಆ ತೀರ್ಮಾನದ ಕಾರಣವೆಂದು ಹಿಂದಕ್ಕೆ ಜೋಡಿಸಲಾಗದು.

ಉಯೆಜ್ದ್‌ನ ಎಲ್ಲ ನೆಲವೂ ಮುಳುಗಲಿಲ್ಲ. ಬ್ರೇಯ್ತೊವೊ ಮತ್ತು ನೆಕೊವುಜ್ ಇಂದಿಗೂ ಯಾರೊಸ್ಲಾವ್ಲ್ ಪ್ರದೇಶದ ಆಡಳಿತ ಕೇಂದ್ರಗಳು. ಸೀತ್ ನದಿ ಈಗ ಮೊಲೊಗಾವನ್ನು ಸೇರುವ ಬದಲು ನೇರವಾಗಿ ಹಿನ್ನೀರನ್ನು ಸೇರುತ್ತದೆ. ಜಲಾಶಯದ ವಾಯವ್ಯ ದಡದಲ್ಲಿ 1945ರಲ್ಲಿ ಡಾರ್ವಿನ್ ಹೆಸರಿನ ರಕ್ಷಿತಾರಣ್ಯ ಸ್ಥಾಪನೆಯಾಯಿತು. ಹೊಸದಾಗಿ ಹುಟ್ಟಿದ ಇಷ್ಟು ದೊಡ್ಡ ನೀರಿನ ಪಕ್ಕದಲ್ಲಿ ಕಾಡು, ಹಕ್ಕಿ, ಮೀನುಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ಅದರ ಉದ್ದೇಶ. ನೆಕೊವುಜ್ ಸೀಮೆಯ ಬೊರೊಕ್ ಎಂಬ ಹಳ್ಳಿ ಕ್ರಾಂತಿಕಾರಿ ವಿಜ್ಞಾನಿ ನಿಕೊಲಾಯ್ ಮೊರೊಜೊವ್ 1854ರಲ್ಲಿ ಹುಟ್ಟಿದ ಎಸ್ಟೇಟು, ಅಂದಿನ ಮೊಲೊಗಾ ಉಯೆಜ್ದ್‌ನದು. ಚಕ್ರವರ್ತಿಯ ಸೆರೆಮನೆಗಳಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದು 1905ರಲ್ಲಿ ಬಿಡುಗಡೆಯಾದ ಮೊರೊಜೊವ್‌ಗೆ ಸೋವಿಯತ್ ಸರ್ಕಾರ ಆ ಎಸ್ಟೇಟನ್ನು ಜೀವಿತಾವಧಿಗೆ ಬಿಟ್ಟುಕೊಟ್ಟಿತ್ತು. ಅಲ್ಲಿ ಬೆಳೆದ ವಿಜ್ಞಾನ ಕೇಂದ್ರ ಇಂದು ಒಳನಾಡಿನ ಜಲಜೀವಶಾಸ್ತ್ರದ ದೊಡ್ಡ ಸಂಸ್ಥೆ. ಮುಳುಗದೆ ಉಳಿದ ಮೊಲೊಗಾ ನೆಲದ ಮೇಲೆ ಕುಳಿತು, ಮುಳುಗಿದ ಭಾಗದ ಮೇಲಿನ ನೀರನ್ನು ಅದು ದಶಕಗಳಿಂದ ಅಳೆಯುತ್ತಿದೆ.

ಊರು ಬಿಟ್ಟವರು ತಮ್ಮನ್ನು ಮೊಲೊಗ್ಜಾನೆ, ಮೊಲೊಗಾದವರು, ಎಂದೇ ಕರೆದುಕೊಂಡರು. 1972ರಿಂದ ಅವರೂ ಅವರ ಮಕ್ಕಳೂ ಪ್ರತಿವರ್ಷ ಆಗಸ್ಟ್‌ನ ಎರಡನೆಯ ಶನಿವಾರ ರಿಬಿನ್ಸ್ಕ್‌ನಲ್ಲಿ ಸೇರುವ ರೂಢಿ ಬಂತು. 1995ರಲ್ಲಿ ಅಲ್ಲಿ ಮೊಲೊಗಾ ಸೀಮೆಯ ವಸ್ತುಸಂಗ್ರಹಾಲಯ ತೆರೆಯಿತು. ಅದಕ್ಕೆ ಸಿಕ್ಕಿದ್ದು ಮೊಲೊಗಾದ ಅಫನಾಸಿಯೆವ್ ಕನ್ಯಾಮಠಕ್ಕೆ ರಿಬಿನ್ಸ್ಕ್‌ನಲ್ಲಿದ್ದ ಹಳೆಯ ಪ್ರಾರ್ಥನಾ ಮಂದಿರ. ಮಳೆ ಕಡಿಮೆಯಾಗಿ ಜಲಾಶಯ ಬಹಳ ಇಳಿದ ವರ್ಷಗಳಲ್ಲಿ, 1990ರ ದಶಕದ ಆರಂಭದಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ, ಪಟ್ಟಣದ ನೆಲ ಹೊರಗೆ ಬಂತು. ಜನ ದೋಣಿಯಲ್ಲಿ ಹೋಗಿ ಇಳಿದರು. ಬೀದಿಗೆ ಹಾಸಿದ್ದ ಕಲ್ಲುಗಳು, ಮನೆಗಳ ತಳಪಾಯ, ಸ್ಮಶಾನದ ಕಲ್ಲುಗಳು ಕೆಸರಿನಲ್ಲಿ ಕಾಣುತ್ತಿದ್ದವು. ಆ ಬೀದಿಗಳ ಸಾಲನ್ನು ನೋಡಿಕೊಂಡು, ಯಾವ ತಿರುವಿನಿಂದ ಎಷ್ಟನೆಯ ಮನೆ ತಮ್ಮದೆಂದು ಹಿರಿಯರು ಹೇಳಿದ್ದನ್ನು ಎಣಿಸುತ್ತ, ಅವರು ನಡೆದರು.